ಎರಡು ಗುಂಟೆಯ ಕುಂಟೆಗೆ ಎಷ್ಟು ಅಂಚು?

ಕೋಲಾರದ ಕಡೆಯ ಒಂದು ಹಳ್ಳಿ. ಅಳತೆ ಟೇಪಿನ ಒಂದು ತುದಿ ನನ್ನ ಕೈಲಿ, ಇನ್ನೊಂದು ತುದಿ ಆ ಊರಿನ ಕೆರೆ ನೀರು ಹಂಚುತ್ತಿದ್ದ ಹಳೇ ನೀರುಗಂಟಿ ತಾತನ ಕೈಲಿ. ಕೆರೆಗಿಂತ ಮೇಲಿರುವ, ಮಳೆಗಾಲದಲ್ಲಷ್ಟೇ ತುಂಬುವ ಒಂದು ಕುಂಟೆಯ ಅಂಚಿನಿಂದ ಮೂರು ಮೀಟರ್ ಎಳೆದೆವು. ತಾತ ಉಟ್ಟಿದ್ದ ಎಂಟು ಮೊಳದ ಪಂಚೆಯಷ್ಟೂ ಉದ್ದವಿಲ್ಲ.

"ಅದ್ಯಾಕಪ್ಪ ಟೇಪು? ಜೋರು ಮಳೆ ಬಂದ್ರೆ ನೀರೇ ಅಳೆದು ತೋರಿಸ್ತದೆ" ಎಂದರು ತಾತ.

ಮೂರು ಮೀಟರ್ ನನ್ನ ಲೆಕ್ಕವಲ್ಲ, ವಿಧಾನಸಭೆಯದು. 2025ರ ಆಗಸ್ಟಿನಲ್ಲಿ, ಮಳೆಗಾಲದ ಅಧಿವೇಶನದಲ್ಲಿ, ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ವಿಧೇಯಕ ಸದನದಲ್ಲಿ ಪಾಸಾಯಿತು. 2014ರ ಮೂಲ ಕಾಯ್ದೆ ಸರಳವಾಗಿತ್ತು: ಕೆರೆ ದೊಡ್ಡದಿರಲಿ ಚಿಕ್ಕದಿರಲಿ, ಗಡಿಯಿಂದ 30 ಮೀಟರ್‌ವರೆಗೆ ಕಟ್ಟಡ ಕಟ್ಟುವಂತಿಲ್ಲ. ತಿದ್ದುಪಡಿ ಆ ಅಂಚನ್ನು, ಅಂದರೆ ಬಫರ್ ವಲಯವನ್ನು, ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಹಂಚುತ್ತದೆ. ನೂರು ಎಕರೆ ದಾಟಿದ ಕೆರೆಗೆ 30 ಮೀಟರ್ ಹಾಗೇ ಉಳಿಯುತ್ತದೆ. 25ರಿಂದ 100 ಎಕರೆಗೆ 24, ಹತ್ತರಿಂದ 25ಕ್ಕೆ 12, ಒಂದರಿಂದ ಹತ್ತಕ್ಕೆ ಆರು, ಎಕರೆಯೊಳಗಿನದಕ್ಕೆ ಮೂರು. ಎರಡು ಗುಂಟೆಯಂಥ ತೀರಾ ಪುಟ್ಟ ಕುಂಟೆ, ಗೋಕಟ್ಟೆಗೆ ಏನೂ ಇಲ್ಲ. ಜೊತೆಗೆ ರಸ್ತೆ, ಪೈಪ್‌ಲೈನಿನಂಥ ಸಾರ್ವಜನಿಕ ಕಾಮಗಾರಿಗೂ ಈ ಅಂಚಿನಲ್ಲಿ ದಾರಿ ಬಿಡಲಾಗಿದೆ.

ಚಿಕ್ಕ ಕೆರೆಗೆ ಅಷ್ಟು ದೊಡ್ಡ ಅಂಚು ಅತಿಯಾಯಿತು ಎಂಬ ಸರ್ಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಚೌಕಾಕಾರದ ಒಂದು ಎಕರೆ ಕಟ್ಟೆಯ ಸುತ್ತ 30 ಮೀಟರ್ ಬಿಟ್ಟರೆ ಆ ಅಂಚೇ ಎರಡೂವರೆ ಎಕರೆ ನುಂಗುತ್ತದೆ. ಹೊಟ್ಟೆಗಿಂತ ಪಂಚೆಯಂಚೇ ದೊಡ್ಡದು. ಪಕ್ಕದಲ್ಲೇ ತುಂಡು ನೆಲ ಇಟ್ಟುಕೊಂಡ ಬಡ ರೈತ ಕಟ್ಟೆಯ ಕಾರಣಕ್ಕೆ ಒಂದು ಕೊಟ್ಟಿಗೆಯನ್ನೂ ಕಟ್ಟಲಾರ. ಹೊಸ ಅಳತೆಯಲ್ಲಿ ಅದೇ ಅಂಚು ಎಂಟು ಗುಂಟೆಗೆ ಇಳಿಯುತ್ತದೆ. ಹಳ್ಳಿಯ ಮಟ್ಟಿಗೆ ಇದು ನ್ಯಾಯವೆನಿಸಬಹುದು. ಆದರೆ ಕಾನೂನು ಹಳ್ಳಿಯ ಕೊಟ್ಟಿಗೆಗೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಒಂದೇ. ಚದರಡಿ ಲೆಕ್ಕದಲ್ಲಿ ಜಾಗ ಮಾರುವ ಊರಿನಲ್ಲಿ ಮೀಟರಿನ ಮೇಲೆ ಯಾರಿಗೆ ಪ್ರೀತಿ ಜಾಸ್ತಿ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಅಳತೆ ಪಟ್ಟಿ ಶಾಸಕರ ಕೈಗೆ ಬಂದ ದಾರಿಯೂ ಸ್ವಾರಸ್ಯದ್ದು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂಚು ವಿಧಿಸಿತು. ರಾಜಕಾಲುವೆಗಳಿಗೆ ದರ್ಜೆಯಂತೆ 50, 35, 25 ಮೀಟರ್. ಬಿಲ್ಡರುಗಳ ನಿದ್ದೆ ಹೋಯಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಅಳತೆಯನ್ನು ರದ್ದು ಮಾಡಿತು. ಕಾನೂನುಬದ್ಧ ಮಾಸ್ಟರ್ ಪ್ಲಾನಿನಲ್ಲಿರುವ ಅಂಚನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ತೀರ್ಪಿನ ತಿರುಳು. ಕೆಲಸ ಹೀಗೆ ಶಾಸನ ಸಭೆಯ ಅಂಗಳಕ್ಕೆ ಬಿತ್ತು. ಆರು ವರ್ಷದ ಮೇಲೆ ಸಭೆ ಅಂಚನ್ನು ಮುಟ್ಟಿತು, ಮುಟ್ಟಿದ್ದು ಕತ್ತರಿಸಲು.

ಇದೇ ಸಭೆ ಹಿಂದೆ ಕೆರೆಗಾಗಿ ದನಿಯೆತ್ತಿದ್ದೂ ಉಂಟು. ಬೆಂಗಳೂರಿನ ಸರ್ಕಾರಿ ಜಮೀನು ಒತ್ತುವರಿಯ ಬಗ್ಗೆ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಶಾಸಕರ ಸಮಿತಿ, ಆಮೇಲೆ ಕೆರೆ ಒತ್ತುವರಿಯ ಬಗ್ಗೆ ಕೆ.ಬಿ. ಕೋಳಿವಾಡ ಅಧ್ಯಕ್ಷತೆಯ ಸದನ ಸಮಿತಿ ದಪ್ಪ ದಪ್ಪ ವರದಿ ಕೊಟ್ಟವು. ಈಗಲೂ ಕೆರೆ ತುಂಬಿದರೆ ಶಾಸಕರು ಬಾಗಿನ ಹಿಡಿದು ಓಡೋಡಿ ಬರುತ್ತಾರೆ, ಫೋಟೋ ಮರುದಿನದ ಪೇಪರಿನಲ್ಲಿ.

ನನ್ನ ತಕರಾರು ಮೀಟರಿನದಲ್ಲ, ಅಳೆಯುವ ಕ್ರಮದ್ದು. ವಿಧೇಯಕ ಒಂದೊಂದು ಕೆರೆಯನ್ನೂ ಒಂಟಿಯಾಗಿ ಹಿಡಿದು ಎಕರೆ ಕೇಳುತ್ತದೆ. ಬಯಲುಸೀಮೆಯ ಕೆರೆ ಒಂಟಿಯಲ್ಲ, ಸರಪಳಿಯ ಕೊಂಡಿ. ಮೇಲಿನ ಕುಂಟೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕಟ್ಟೆಗೆ ನೀರು, ಅದು ತುಂಬಿದರೆ ಊರ ಕೆರೆಗೆ, ಅಲ್ಲಿಂದ ಮುಂದಿನ ಊರಿಗೆ. ಗುಡ್ಡದಿಂದ ಬರುವ ನೀರಿನ ರಭಸ ಮುರಿಯುವುದು, ಮಣ್ಣು ಹಿಡಿದು ಕೆಳಗಿನ ಕೆರೆಯ ಹೂಳು ತಗ್ಗಿಸುವುದು, ನೀರಿಂಗಿಸುವುದು ಎಲ್ಲ ಮೇಲಿನ ಈ ಪುಟಾಣಿಗಳ ಪಾಲಿನ ಕೆಲಸ. ಅವುಗಳಿಗೇ ಅಂಚು ಮೂರು ಮೀಟರ್, ಇಲ್ಲವೇ ಸೊನ್ನೆ. ಕೆಳಗಿನ ನೂರೆಕರೆ ಕೆರೆಗೆ 30 ಮೀಟರ್ ಇಟ್ಟು ಮೇಲೆ ನೀರು ಬರುವ ದಾರಿಗೆ ಸೈಟು ಹಾಕಿದರೆ, ಉಳಿಯುವುದು ಒಣ ಅಂಗಳದ ಸುತ್ತ 30 ಮೀಟರ್.

ಕೆರೆ ಹೀಗೆ ಒಣಗಿದ್ದರ ಬಿಲ್ಲು ಬರುವುದು ಇಂಧನ ಇಲಾಖೆಗೆ. ತೂಬು ಎತ್ತಿದರೆ ಅಚ್ಚುಕಟ್ಟಿಗೆ ನೀರು ಇಳಿಯಲು ಒಂದು ಯೂನಿಟ್ ಕರೆಂಟೂ ಬೇಡ. ಕೆರೆ ಬತ್ತಿದ ಮೇಲೆ ಅದೇ ಅಚ್ಚುಕಟ್ಟಿನಲ್ಲಿ ಸಾವಿರ ಅಡಿ ಬೋರ್‌ವೆಲ್. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ, ಅದರ ಸಬ್ಸಿಡಿಗೆ ಬಜೆಟ್ಟಿನಲ್ಲಿ ವರ್ಷ ವರ್ಷ ಸಾವಿರಾರು ಕೋಟಿ. ಅದೂ ಸಾಲದೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಪಂಪು ಮಾಡಿ ಕೋಲಾರದ ಕೆರೆ ತುಂಬಿಸುತ್ತಿದ್ದೇವೆ. ಅಂತರ್ಜಲ ಮೇಲೇರಿದ್ದನ್ನು ಕಂಡ ರೈತರು ಖುಷಿಯಾಗಿದ್ದಾರೆ, ಅದು ಸುಳ್ಳಲ್ಲ. ಆದರೆ ಮಳೆ ನೀರು ತಾನಾಗಿ ಇಳಿಯುತ್ತಿದ್ದ ಕಡೆಗೆ ಈಗ ಮೋಟಾರು ನೀರು ಹತ್ತಿಸಬೇಕು. ಸದನದಲ್ಲಿ ಸಣ್ಣ ನೀರಾವರಿಯ ವಿಧೇಯಕ ಒಂದು ದಿನ, ಇಂಧನದ ಬೇಡಿಕೆ ಇನ್ನೊಂದು ದಿನ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಲೆಕ್ಕ ಕೇಳಿದವರನ್ನು ನಾನು ಕಂಡಿಲ್ಲ.

ಅವತ್ತು ನಾವು ಅಳೆದ ಕುಂಟೆಯ ಮೇಲ್ಗಡೆ ಕಲ್ಲು ನೆಟ್ಟು ಸೈಟು ಗುರುತಿಸಿದ್ದರು. ಕುಂಟೆಗೆ ನೀರು ತರುವ ಕಾಲುವೆ ಎಲ್ಲಿತ್ತು ಎಂದು ಕೇಳಿದೆ. ತಾತ ನಾಲ್ಕನೇ ಮತ್ತು ಐದನೇ ಕಲ್ಲಿನ ನಡುವೆ ಕೋಲು ಊರಿ, "ಇಲ್ಲೇ ಹರೀತಿತ್ತು, ಮೊಣಕಾಲುದ್ದ" ಎಂದರು. ಅಷ್ಟರಲ್ಲಿ ಕೆಳಗಿನ ತೋಟದಿಂದ ಯಾರೋ "ತ್ರೀ ಫೇಸ್ ಬಂತೂ" ಎಂದು ಕೂಗಿದರು. ತಾತ ಟೇಪಿನ ತುದಿ ನನ್ನ ಕೈಗೆ ತುರುಕಿ, ಮಗನ ಮೋಟಾರು ಹಾಕಲು ಸರಸರನೆ ಇಳಿದು ಹೋದರು.