ನಿಮಗಿದು ಗೊತ್ತೇ? ಟೋಕನ್ ಒಂದು, ಕೆಲಸ ನೂರೆಂಟು

● ಮುಂಬಯಿಯ ಬೊರಿವಲಿ ವೆಸ್ಟ್ ಮೆಟ್ರೊ ಸ್ಟೇಷನ್ನಿನ ಕೌಂಟರಿನಲ್ಲಿ ಟೋಕನ್ ಕೇಳಿದರೆ ಕೈಗೆ ಬರುವುದು ಕ್ಯೂಆರ್ ಕೋಡ್ ಇರುವ ಕಾಗದದ ಚೀಟಿ. ಈ ಸ್ಟೇಷನ್ ಇರುವ ಮಾರ್ಗ ಶುರುವಾದದ್ದು 2022ರ ಏಪ್ರಿಲ್ 2ರಂದು. ಮುಂಬಯಿಯ ಮೊದಲ ಮೆಟ್ರೊ, ಅಂದರೆ 2014ರ ಜೂನ್ 8ರಂದು ಹೊರಟ ವರ್ಸೋವಾ–ಘಾಟ್ಕೋಪರ್ ಮಾರ್ಗ, ಪ್ಲಾಸ್ಟಿಕ್ ಟೋಕನ್ನಿನಿಂದಲೇ ಬೋಣಿ ಮಾಡಿತ್ತು.

● ಬೆಂಗಳೂರಿನ ‘ನಮ್ಮ ಮೆಟ್ರೊ’ ಟೋಕನ್ನಿನೊಳಗೆ ಚಿಪ್ ಇದೆ, ಬ್ಯಾಟರಿ ಇಲ್ಲ. ಗೇಟು ಹೊಮ್ಮಿಸುವ ರೇಡಿಯೊ ತರಂಗವೇ ಅದಕ್ಕೆ ಕರೆಂಟು. ಒಳಗೆ ಹೋಗುವಾಗ ತಾಗಿಸಿದರೆ ಸಾಕು, ಹೊರಬರುವಾಗ ಕಿಂಡಿಗೆ ಹಾಕಲೇಬೇಕು. ನೆನಪಿಗಿರಲಿ ಎಂದು ಜೇಬಿಗಿಳಿಸಿದರೆ ಗೇಟು ತೆರೆಯದು!

● ನ್ಯೂಯಾರ್ಕ್ ಸಬ್‌ವೇಗೆ ಟೋಕನ್ ಬಂದದ್ದು 1953ರಲ್ಲಿ. ಟಿಕೆಟ್ ದರ 10ರಿಂದ 15 ಸೆಂಟಿಗೆ ಏರಿತು, 15 ಸೆಂಟಿನ ನಾಣ್ಯವೇ ಇರಲಿಲ್ಲ. ಅಷ್ಟೇ ಕಾರಣ.

● ಎದುರಾಬದುರು ರೈಲು ಬರಬಹುದಾದ ಒಂಟಿ ಹಳಿಯಲ್ಲಿ ಡ್ರೈವರನ ಧೈರ್ಯ ಒಂದು ಉಕ್ಕಿನ ಗುಂಡು. ‘ನೀಲ್ಸ್ ಬಾಲ್ ಟೋಕನ್’ ಎಂಬ ಈ ವ್ಯವಸ್ಥೆಯಲ್ಲಿ ಅಕ್ಕಪಕ್ಕದ ಎರಡು ಸ್ಟೇಷನ್ನುಗಳ ಯಂತ್ರಗಳಿಗೆ ವಿದ್ಯುತ್ ತಂತಿಯ ನಂಟು. ಒಂದು ಗುಂಡು ಹೊರಬಂದರೆ, ಅದು ಎರಡರಲ್ಲೊಂದು ಯಂತ್ರದ ಹೊಟ್ಟೆ ಸೇರುವ ತನಕ ಇನ್ನೊಂದು ಗುಂಡು ಈಚೆಗೆ ಬಾರದು. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟುತ್ತಾರೆ. ನಿಲ್ಲದ ಗಾಡಿಯಾದರೆ ಡ್ರೈವರು ಹಳೆಯ ಬಳೆಯನ್ನು ಕೆಳಗೆಸೆದು, ಪ್ಲಾಟ್‌ಫಾರಂ ಮೇಲಿನವನು ಎತ್ತಿ ಹಿಡಿದ ಹೊಸ ಬಳೆಯೊಳಗೆ ತೋಳು ತೂರಿಸಿ ಎಳೆದುಕೊಳ್ಳಬೇಕು. ಬೊರಿವಲಿಯ ಫಾಸ್ಟ್ ಲೋಕಲ್ ಹತ್ತುವವರಿಗೆ ಈ ಕೈಚಳಕ ಕಲಿಸಬೇಕಾಗಿಲ್ಲ.

● ಕಂಪ್ಯೂಟರ್ ಬರುವ ಮುನ್ನ ಬ್ಯಾಂಕಿನಲ್ಲಿ ಹಿತ್ತಾಳೆ ಟೋಕನ್ ಹಿಡಿದು ಕಾದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದರ ನಂಬರನ್ನು ಚೆಕ್ಕಿನ ಬೆನ್ನಿಗೂ ಬರೆಯುತ್ತಿದ್ದರು. ಚೆಕ್ಕು ಲೆಜರು, ಅಧಿಕಾರಿ, ಕ್ಯಾಷಿಯರು ಎಂದು ಸುತ್ತು ಹೊಡೆದು ಬರುವ ತನಕ ಗಿರಾಕಿಯ ಕೈಯಲ್ಲಿ ರಸೀದಿ, ಸಾಕ್ಷಿ ಎರಡೂ ಆ ಬಿಲ್ಲೆಯೇ.

● ಬೊರಿವಲಿಯಲ್ಲಿ ಫ್ಲಾಟ್ ನೋಡಲು ಹೋದರೆ ದಲಾಲ ಮೊದಲು ಕೇಳುವುದು ‘ಟೋಕನ್ ಎಷ್ಟು ಕೊಡ್ತೀರಿ?’ ರಿಯಲ್ ಎಸ್ಟೇಟ್ ನಿಯಂತ್ರಣದ ‘ರೇರಾ’ ಕಾಯ್ದೆಯ 13ನೇ ಕಲಂ ಪ್ರಕಾರ, ಮಾರಾಟದ ಕರಾರು ನೋಂದಣಿಯಾಗದೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಚೆಕ್‌ಬುಕ್ ತೆಗೆಯುವ ಮುನ್ನ ಇದು ನೆನಪಿರಲಿ.

● ರಾಜಧಾನಿಯನ್ನು ದೇವಗಿರಿಗೆ ಒಯ್ದ ಮಹಮ್ಮದ್ ಬಿನ್ ತುಘಲಕ್, 1330ರ ಸುಮಾರಿಗೆ ಹಿತ್ತಾಳೆ, ತಾಮ್ರದ ನಾಣ್ಯಕ್ಕೆ ಬೆಳ್ಳಿ ಟಂಕದ ಬೆಲೆ ಕಟ್ಟಿದ. ಜನ ಅವನ್ನು ಮನೆಯಲ್ಲೇ ಎರಕ ಹೊಯ್ದುಕೊಂಡರು. ಕೊನೆಗೆ ಅಸಲಿ, ನಕಲಿ ನೋಡದೆ ಖಜಾನೆಯಿಂದ ಬೆಳ್ಳಿ, ಬಂಗಾರ ಕೊಟ್ಟು ಹಿಂಪಡೆಯಬೇಕಾಯಿತು. ಅವನನ್ನು ಹುಚ್ಚ ಎನ್ನುವುದು ರೂಢಿ. ನನಗೇನೋ ಅವನ ಉಪಾಯಕ್ಕಿಂತ ಟಂಕಸಾಲೆಯ ಕಾವಲು ದುರ್ಬಲವಾಗಿತ್ತು ಅನ್ನಿಸುತ್ತದೆ. ಲೋಹದ ಬೆಲೆಗಿಂತ ಮುಖಬೆಲೆ ಹೆಚ್ಚಿರುವ ಇಂಥ ಟೋಕನ್ ನಾಣ್ಯವನ್ನೇ ಇಂದು ಇಡೀ ಜಗತ್ತು ಬಳಸುತ್ತಿದೆ.

● ರಾಮ–ಸೀತೆಯರ ಚಿತ್ರವಿರುವ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದಿರುವ ‘ಅರ್ಧ ಆಣೆ’ಗೆ ಕೋಟಿ ರೂಪಾಯಿ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದಿದೆಯೇ? ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ರಾಮಟಂಕೆ ಎಂಬುವು ದೇವಸ್ಥಾನದ ಟೋಕನ್ನುಗಳು; ದೇವರ ಮನೆಯಲ್ಲಿಡಲು ಚೆನ್ನ, ಚಲಾವಣೆಗಲ್ಲ.

● ‘ದೀವಾರ್’ (1975) ಚಿತ್ರದಲ್ಲಿ ಮುಂಬಯಿ ಬಂದರಿನ ಹಮಾಲನಾದ ಅಮಿತಾಭ್‌ನನ್ನು ಕಾಪಾಡುವುದು 786 ನಂಬರಿನ ಬಿಲ್ಲಾ. ‘ಕೂಲಿ’ಯಲ್ಲೂ ಅದೇ ನಂಬರು. ಆದರೂ 1982ರ ಜುಲೈ 26ರಂದು ಆ ಚಿತ್ರದ ಶೂಟಿಂಗಿನಲ್ಲಿ, ನಮ್ಮ ಬೆಂಗಳೂರಿನಲ್ಲೇ, ಅವರು ಸಾವಿನ ಬಾಗಿಲು ತಟ್ಟಿ ಬಂದರು.

● 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಿಮ್ಮ ಕಾರ್ಡ್ ನಂಬರು ಇಟ್ಟುಕೊಳ್ಳುವಂತಿಲ್ಲ. ಮುಂಬಯಿಯ ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ. ಅಂಗಡಿಗಳ ಬಳಿ ಇರಬೇಕಾದದ್ದು ಬರೀ ಟೋಕನ್. ಒಂದು ಅಂಗಡಿಯಿಂದ ಕದ್ದ ಟೋಕನ್ ಇನ್ನೊಂದು ಅಂಗಡಿಯಲ್ಲಿ ನಡೆಯದು.

● ಲೋಕಸಭೆಯಲ್ಲಿ ಇಲಾಖೆಯೊಂದರ ಅನುದಾನದ ಬೇಡಿಕೆಯಿಂದ ಬರೇ 100 ರೂಪಾಯಿ ಕಡಿತ ಮಾಡಿ ಎಂದು ಸದಸ್ಯರು ಸೂಚನೆ ಮಂಡಿಸಬಹುದು. ಇದು ‘ಟೋಕನ್ ಕಟ್’. ದೂರು ಹೇಳಿಕೊಳ್ಳಲು ಅದೊಂದು ನೆಪ.

● ಬರಹ ಹುಟ್ಟಿದ್ದೇ ಟೋಕನ್ನಿನಿಂದ ಎನ್ನುವ ವಿದ್ವಾಂಸರಿದ್ದಾರೆ. ಪಶ್ಚಿಮ ಏಷ್ಯಾದ ರೈತರು ಕುರಿ, ಧಾನ್ಯ, ಎಣ್ಣೆಯ ಲೆಕ್ಕಕ್ಕೆ ಮಣ್ಣಿನ ಪುಟ್ಟ ಉಂಡೆ, ಬಿಲ್ಲೆ ಇಟ್ಟುಕೊಂಡಿದ್ದರು. ಮುಂದೆ ಅವನ್ನು ಹಸಿ ಮಣ್ಣಿಗೆ ಒತ್ತಿ ಗುರುತು ಮಾಡತೊಡಗಿದರು. ಲಿಪಿಗೆ ಅದೇ ಮೊದಲ ಮೆಟ್ಟಿಲು ಎಂಬುದು ಡೆನಿಸ್ ಶ್ಮಾಂಟ್-ಬೆಸರಾಟ್ ಅವರ ವಾದ.

● ಈಗ ಎಐ ಕೂಡ ನಮ್ಮ ಮಾತನ್ನು ಟೋಕನ್ನುಗಳಾಗಿ ತುಂಡರಿಸಿಯೇ ಓದುತ್ತದೆ. ‘ಬೊರಿವಲಿ’ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗಳೂ ಸೇರಿ 7 ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ತಲಾ 3 ಬೈಟ್, ಒಟ್ಟು 21. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 8 ಬೈಟಿಗೆ ಮುಗಿಯುತ್ತದೆ. ಕನ್ನಡವನ್ನು ಹೆಚ್ಚು ಓದಿರದ ಯಂತ್ರ ನಮ್ಮ ಪದಗಳನ್ನು ಪುಡಿಪುಡಿ ಮಾಡುವುದರಿಂದ ಟೋಕನ್ನುಗಳೂ ಜಾಸ್ತಿ. ಬಿಲ್ಲು ಬರುವುದು ಟೋಕನ್ ಲೆಕ್ಕದಲ್ಲಿ. ಹಾಗಾಗಿ ಅಂಥ ಕಡೆ ಅದೇ ಪ್ರಶ್ನೆ ಕನ್ನಡದಲ್ಲಿ ಕೇಳಿದರೆ ತುಸು ದುಬಾರಿ.