ಫ್ಲಾರೆನ್ಸ್‌ಗೆ ಕೊಲ್ಹಾಪುರದ ಹಾದಿ

ಇಟಲಿಯ ಫ್ಲಾರೆನ್ಸ್ ನಗರದ ಅಂಚಿನ ಉದ್ಯಾನವೊಂದರಲ್ಲಿ, ಆರ್ನೊ ನದಿಗೆ ಮುಗ್ನೋನೆ ಹೊಳೆ ಕೂಡುವಲ್ಲಿ, ಛತ್ರಿಯಾಕಾರದ ಮಂಟಪವೊಂದಿದೆ. ಅದರಡಿ ರಾಜಪೋಷಾಕಿನ ತರುಣನ ಎದೆಮಟ್ಟದ ಪ್ರತಿಮೆ. ಆತ ಕೊಲ್ಹಾಪುರದ ದೊರೆ ರಾಜಾರಾಮ ಮಹಾರಾಜ. ಇಂಗ್ಲೆಂಡ್ ಪ್ರವಾಸ ಮುಗಿಸಿ ಊರಿಗೆ ಮರಳುವ ಹಾದಿಯಲ್ಲಿ, 1870ರ ನವೆಂಬರ್ 30ರಂದು, 20ರ ಹರೆಯದಲ್ಲೇ ಅಲ್ಲಿ ತೀರಿಕೊಂಡ. ನದಿ ಕೂಡುವ ಜಾಗದಲ್ಲೇ ಚಿತೆ ಉರಿಯಿತು. 1874ರಲ್ಲಿ ಸ್ಮಾರಕ ಎದ್ದಿತು. ಪ್ರತಿಮೆ ಚಾರ್ಲ್ಸ್ ಫುಲ್ಲರ್ ಎಂಬ ಶಿಲ್ಪಿಯದು, ಛತ್ರಿಯ ನಕ್ಷೆ ಮೇಜರ್ ಚಾರ್ಲ್ಸ್ ಮ್ಯಾಂಟ್‌ನದು.

ಈ ಮ್ಯಾಂಟ್ ನಮ್ಮ ಕಡೆಯವರಿಗೆ ಹೊಸಬನಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗದ ಮಂದಿ ಕೊಲ್ಹಾಪುರದ ಸಿಪಿಆರ್ ದವಾಖಾನೆಗೆ ಹೋದಾಗ ಎದುರಿಗೆ ಕಾಣುವ ಚೂಪು ಕಮಾನಿನ ಟೌನ್ ಹಾಲ್ ಅವನದೇ ವಿನ್ಯಾಸ. 1872–76ರ ನಡುವೆ ಕಟ್ಟಿದ್ದು. ಈಗ ಅದು ವಸ್ತುಸಂಗ್ರಹಾಲಯ. ರೋಗಿಯನ್ನು ಒಳಗೆ ಬಿಟ್ಟು ಹೊರಗೆ ತಾಸುಗಟ್ಟಲೆ ಕಾಯುವವರು ಆ ಕಟ್ಟಡದ ನೆರಳಲ್ಲಿ ಕೂತಿರುತ್ತಾರೆ. ಒಳಗೆ ಕಾಲಿಡುವವರು ಕಡಿಮೆ.

ಒಳಗಿನ ಒಂದು ವಸ್ತುವಿಗಾಗಿಯಾದರೂ ಅಲ್ಲಿಗೆ ಹೋಗಬೇಕು. ಗೇಣಿಗಿಂತ ಚಿಕ್ಕದಾದ ಕಂಚಿನ ಮೂರ್ತಿ, ಗ್ರೀಕರ ಸಮುದ್ರದೇವತೆ ಪೊಸೈಡಾನ್. ಒಂದು ಕೈ ಮೇಲೆತ್ತಿದೆ. ಅದರಲ್ಲಿದ್ದ ತ್ರಿಶೂಲ ಈಗಿಲ್ಲ. ಮೈಯ ಭಾರ ಒಂದೇ ಕಾಲಿನ ಮೇಲೆ ಬಿದ್ದು, ಸೊಂಟ ತುಸು ವಾಲಿದೆ. ಗ್ರೀಕ್ ಶಿಲ್ಪಿಗಳು ಕಂಡುಕೊಂಡ, ರೋಮನ್ನರು ಮುಂದುವರಿಸಿದ, ಸಾವಿರ ವರ್ಷಗಳಾಚೆ ಮೈಕೆಲೆಂಜೆಲೊ ಡೇವಿಡ್‌ನ ಅಮೃತಶಿಲೆಯಲ್ಲಿ ಮತ್ತೆ ಎತ್ತಿಹಿಡಿದ ನಿಲುವು ಇದೇ. ಸಾತವಾಹನರ ಕಾಲದಲ್ಲಿ ಸಮುದ್ರ ದಾಟಿ ಪಂಚಗಂಗಾ ನದಿಯ ದಡ ಸೇರಿದ ಈ ಮೂರ್ತಿ 1940ರ ದಶಕದಲ್ಲಿ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬದ ಉತ್ಖನನದಲ್ಲಿ ಸಿಕ್ಕಿತು. ಆ ಕೆಲಸದಲ್ಲಿ ತೊಡಗಿದ್ದವರಲ್ಲಿ ರಾಜಾರಾಮ ಕಾಲೇಜಿನ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರೂ ಒಬ್ಬರು. ಬೆಳಗಾವಿ ಜಿಲ್ಲೆಯವರೇ, 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಕನ್ನಡದ ಮೇಷ್ಟ್ರೊಬ್ಬರು ರೋಮಿನ ಕಂಚನ್ನು ಮಣ್ಣಿನಿಂದೆತ್ತಿದ ಕೆಲಸದಲ್ಲಿ ಪಾಲ್ಗೊಂಡಿದ್ದರು ಎಂಬುದು ನಮ್ಮ ಗಡಿ ತಾಲೂಕುಗಳ ಪ್ರತಿ ಕಾಲೇಜಿನಲ್ಲೂ ಹೇಳಬೇಕಾದ ಮಾತು.

ಹೇಳುತ್ತಿದ್ದೇವೆಯೇ? ಬಿ.ಎ. ಇತಿಹಾಸದಲ್ಲಿ ಯುರೋಪಿನ ಪುನರುಜ್ಜೀವನ ಒಂದು ಅಧ್ಯಾಯ. ಲಿಯೊನಾರ್ಡೊ, ಮೈಕೆಲೆಂಜೆಲೊ, ರಾಫೆಲ್: ಮೂರು ಹೆಸರು, ಮೂರು ಕೃತಿ, ಐದು ಅಂಕ. ಚಿತ್ರ ನೋಡದೆಯೇ ಪಾಸಾಗಬಹುದು. ಕೈಯಲ್ಲಿ ಕಲೆಯಿರುವ ಮಕ್ಕಳ ದಾರಿ ಬೇರೆ. ಕನ್ನಡ ಶಾಲೆಯವರು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಮುಗಿಸುತ್ತಾರೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಓದಿದವರು ಎಲಿಮೆಂಟರಿ, ಇಂಟರ್‌ಮೀಡಿಯೆಟ್. ಅಲ್ಲಿಂದ ಮುಂದೆ ಕಲಾಶಾಲೆಗಳು: ಕೊಲ್ಹಾಪುರದ ಕಲಾನಿಕೇತನ, ಧಾರವಾಡ, ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು. ಪಾಶ್ಚಾತ್ಯ ಕಲಾ ಇತಿಹಾಸ ಅಲ್ಲೆಲ್ಲ ಒಂದು ಪತ್ರಿಕೆಯಾಗಿ ಎದುರಾಗುತ್ತದೆ. ಕುಂಚ ಹಿಡಿದು ಪಳಗಿದ ಹುಡುಗರಿಗೆ ಇಂಗ್ಲಿಷ್ ನೋಟ್ಸಿನ ಆ ಪತ್ರಿಕೆಯೇ ಕಬ್ಬಿಣದ ಕಡಲೆ. ಕಲಾ ಇತಿಹಾಸವನ್ನೇ ಮುಖ್ಯ ವಿಷಯವಾಗಿ ಹಿಡಿಯುವವರು ನೆನೆಯುವ ಹೆಸರು ಬರೋಡಾ. ಅಲ್ಲಿ ಲಲಿತಕಲಾ ವಿಭಾಗ 1949ರಲ್ಲಿ ಶುರುವಾಯಿತು. ಕಲಾ ಇತಿಹಾಸದ ಪಾಠಕ್ಕೆ ಅಡಿಪಾಯ ಹಾಕಿದವರು ಜರ್ಮನ್ ವಿದ್ವಾಂಸ ಹರ್ಮನ್ ಗೋಟ್ಸ್. ಯುರೋಪಿನ ಮೂಲ ತೈಲಚಿತ್ರಗಳನ್ನು ಕಣ್ಣಾರೆ ನೋಡಿ ಕಲಿಯಬಹುದಾದ ಸಂಗ್ರಹಾಲಯವೂ ಆ ಊರಲ್ಲೇ ಇದೆ.

ನನ್ನ ಮಾತು ಇಷ್ಟೇ: ಈ ವಿದ್ಯೆ ಹೆಸರು, ಇಸವಿಗಳದ್ದಲ್ಲ, ಕಣ್ಣಿನದು. ಸ್ವಿಸ್ ವಿದ್ವಾಂಸ ಹೈನ್ರಿಖ್ ವೋಲ್ಫ್ಲಿನ್ ಪಾಠದ ಕೋಣೆಯಲ್ಲಿ ಎರಡು ಚಿತ್ರಗಳನ್ನು ಅಕ್ಕಪಕ್ಕ ಬೆಳಗಿಸಿ ಹೋಲಿಸಿ ತೋರಿಸುತ್ತಿದ್ದರು. ಹಾಗೆ ಅಕ್ಕಪಕ್ಕ ಇಡಲು ನಮ್ಮಲ್ಲಿ ಏನು ಕಡಿಮೆ? ಕಾಗವಾಡ ತಾಲೂಕಿನ ಜುಗೂಳದಿಂದ ಕೃಷ್ಣೆ ದಾಟಿದರೆ ಖಿದ್ರಾಪುರದ ಕೊಪ್ಪೇಶ್ವರ ಗುಡಿ. ಶಿಲಾಹಾರರ ಕಾಲದ, ಕನ್ನಡ ಶಾಸನಗಳಿರುವ ಗುಡಿ. ಅದರ ಸ್ವರ್ಗಮಂಟಪದಲ್ಲಿ 48 ಕಂಬ. ನಡುವೆ ಛಾವಣಿಯೇ ಇಲ್ಲ, ದುಂಡನೆಯ ಆಕಾಶ. ಕೆಳಗಿನ ದುಂಡು ಹಾಸುಗಲ್ಲಿನ ಮೇಲೆ ನಿಂತು ತಲೆಯೆತ್ತಿದರೆ ಮೋಡ ಸಾಗುವುದು ಕಾಣುತ್ತದೆ. ರೋಮಿನಲ್ಲಿ ಎರಡನೆಯ ಶತಮಾನದ ಪ್ಯಾಂಥಿಯನ್ ಇದೆ. ಅದರ ಗುಮ್ಮಟದ ನೆತ್ತಿಯಲ್ಲೂ ಇಂಥದೇ ದುಂಡು ಬಯಲು. ರೋಮನ್ನರು ಕಾಂಕ್ರೀಟ್ ಎರಕ ಹೊಯ್ದು 43 ಮೀಟರ್ ಅಗಲದ ಗುಮ್ಮಟವನ್ನು ಕಂಬದ ಆಸರೆಯಿಲ್ಲದೆ ನಿಲ್ಲಿಸಿದರು. ನಮ್ಮವರು ಕಲ್ಲಿನ ಭಾರವನ್ನು ಕಂಬಗಳಿಗೆ ಹಂಚಿ ಬಯಲನ್ನು ಉಳಿಸಿಕೊಂಡರು. ಒಬ್ಬರನ್ನು ನೋಡಿ ಒಬ್ಬರು ಮಾಡಿದ್ದಲ್ಲ. ಎರಡನ್ನೂ ಜೊತೆಗಿಟ್ಟಾಗ ಎರಡೂ ಹೆಚ್ಚು ಅರ್ಥವಾಗುತ್ತವೆ.

ಇನ್ನು ಮಿಲೆ. 1857ರಲ್ಲಿ ಪ್ಯಾರಿಸಿನ ಸಲೋನ್ ಪ್ರದರ್ಶನಕ್ಕೆ ಈ ಫ್ರೆಂಚ್ ಚಿತ್ರಕಾರ ಇಟ್ಟ ಚಿತ್ರದಲ್ಲಿ ಮೂವರು ಹೆಂಗಸರು ಹಕ್ಕಲಾಯುತ್ತಿದ್ದಾರೆ. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಮೂರನೆಯವಳು ಅರ್ಧ ಬಗ್ಗಿದ್ದಾಳೆ. ಹಿಂದೆ ದೂರದಲ್ಲಿ ದೊಡ್ಡ ಬಣವೆಗಳು, ಕುದುರೆ ಮೇಲೆ ಮೇಲ್ವಿಚಾರಕ. ಬಡವರನ್ನು ಇಷ್ಟು ದೊಡ್ಡದಾಗಿ ಬರೆದದ್ದು ಅಲ್ಲಿನ ಉಳ್ಳವರಿಗೆ ಇರುಸುಮುರುಸು ತಂದಿತು. ಅಥಣಿ, ರಾಯಬಾಗದ ಹೊಲಗಳಲ್ಲಿ ತಾಯಂದಿರ ಜೊತೆ ತೆನೆ ಆಯ್ದ ಹುಡುಗಿಗೆ ಈ ಚಿತ್ರದ ಮುಂದೆ ಯಾರ ವಿವರಣೆಯೂ ಬೇಡ. ಬಗ್ಗಿದ ಬೆನ್ನಿನ ನೋವು ಅವಳಿಗೆ ಗೊತ್ತು. ಪ್ಯಾರಿಸಿನ ವಿದ್ಯಾರ್ಥಿಗಿಂತ ಅವಳು ಅಲ್ಲಿ ಒಂದು ಹೆಜ್ಜೆ ಮುಂದೆ.

ಯುರೋಪಿನ ಕಲೆ ಈ ಸೀಮೆಗೆ ಕುಂಚದ ಮೂಲಕವೂ ಬಂದಿದೆ. 1857ರಲ್ಲೇ ಆರಂಭವಾದ ಮುಂಬಯಿಯ ಜೆ.ಜೆ. ಶಾಲೆಯಲ್ಲಿ ಕಲಿತ ಅಬಾಲಾಲ್ ರಹಿಮಾನ್ ಕೊಲ್ಹಾಪುರದಲ್ಲಿ ನಿಸರ್ಗಚಿತ್ರದ ಪರಂಪರೆಯನ್ನೇ ಬೆಳೆಸಿದರು. ಬೆಳಗಾವಿಯ ಕೆ.ಬಿ. ಕುಲಕರ್ಣಿ ತಮ್ಮ ಚಿತ್ರಮಂದಿರದಲ್ಲಿ ಭಾವಚಿತ್ರ ಕಲಿಸಿದರು. ರವಿ ಪರಾಂಜಪೆ ಅಂಥವರು ಅಲ್ಲಿಂದ ಬೆಳೆದರು. ಕರಾವಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಪ್ಯಾರಿಸಿನ ಅಕಾಡೆಮಿ ಜೂಲಿಯನ್‌ಗೇ ಹೋಗಿ ಕಲಿತು ಬಂದರು.

ಈ ಓದಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಹೆತ್ತವರು ಕೇಳುವುದು ನ್ಯಾಯ. ಒಂದು ಉದಾಹರಣೆ ನೋಡಿ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ವೇದಿಕೆಯ ಮೇಲೆ ಪ್ರಾಡಾ ಕಂಪನಿ ಕೊಲ್ಹಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ ತೋರಿಸಿ, ಮೊದಲಿಗೆ ಮೂಲದ ಹೆಸರೆತ್ತಲಿಲ್ಲ. ಕೊಲ್ಹಾಪುರಿ ಚಪ್ಪಲಿ ಅಥಣಿ, ನಿಪ್ಪಾಣಿಯ ಚಮ್ಮಾರರ ಕೈಕೆಲಸವೂ ಹೌದು. ಆ ಚಪ್ಪಲಿಗೆ ಭೌಗೋಳಿಕ ಗುರುತು ಪಡೆದ ಎಂಟು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ವ್ಯಾನ್ ಗೋ ಜಪಾನಿನ ಅಚ್ಚುಚಿತ್ರಗಳಿಂದ, ಪಿಕಾಸೊ ಆಫ್ರಿಕದ ಮುಖವಾಡಗಳಿಂದ ಪಡೆದದ್ದೇನು, ಋಣ ಒಪ್ಪಿಕೊಂಡವರಾರು ಎಂಬ ಚರ್ಚೆ ಕಲಾ ಇತಿಹಾಸದ ಒಳಗಿನದು. ಅದನ್ನು ಬಲ್ಲ ಅಥಣಿಯ ಹುಡುಗನೊಬ್ಬ ತನ್ನ ಓಣಿಯ ಕಸುಬನ್ನು ದಾಖಲಿಸಿದರೆ ಆ ದಾಖಲೆಗೆ ತೂಕವಿರುತ್ತದೆ. ಸಂಗ್ರಹಾಲಯ, ಪ್ರಕಾಶನ, ಬೋಧನೆ: ಕೆಲಸಗಳು ಕಡಿಮೆ, ನಿಜ. ಆದರೆ ಇಲ್ಲವೇ ಇಲ್ಲ ಎನ್ನುವುದು ಸುಳ್ಳು.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ತಮ್ಮ ಲಕ್ಷಾಂತರ ಚಿತ್ರಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ತೆರೆದಿಟ್ಟಿವೆ. ರೆಂಬ್ರಾಂಟ್‌ನ ಕುಂಚದ ಒಂದೊಂದು ಎಳೆಯನ್ನೂ ಮೊಬೈಲಿನಲ್ಲಿ ಹಿಗ್ಗಿಸಿ ನೋಡಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಇತಿಹಾಸ ಅಧ್ಯಾಪಕರಲ್ಲಿ ಒಂದು ವಿನಂತಿ: ಈ ವರ್ಷ ಪುನರುಜ್ಜೀವನದ ಪಾಠವನ್ನು ನೋಟ್ಸ್ ಬರೆಸಿ ಮುಗಿಸಬೇಡಿ. ಕಾಲೇಜಿನ ಪ್ರೊಜೆಕ್ಟರ್ ಹಚ್ಚಿ, ಚಿತ್ರ ತೋರಿಸಿ, ಮಕ್ಕಳು ಕಂಡದ್ದನ್ನು ಕನ್ನಡದಲ್ಲೇ ಹೇಳಲು ಬಿಡಿ.