ಮೂಲದ ಕ್ರಮ ಏರಿದಷ್ಟೂ ಲೆಕ್ಕ ಕಷ್ಟವೇ?

ವರ್ಗಮೂಲದವರೆಗೆ ಧೈರ್ಯವಾಗಿ ಬರುವ ಮಕ್ಕಳು ಘನಮೂಲಕ್ಕೆ ತಡವರಿಸುತ್ತಾರೆ, ಐದನೇ ಮೂಲ ಎಂದರೆ ಪೆನ್ನು ಕೆಳಗಿಡುತ್ತಾರೆ. ಕ್ರಮ ಹೆಚ್ಚಿದಷ್ಟೂ ಕಷ್ಟ ಹೆಚ್ಚು ಎಂಬ ನಂಬಿಕೆ ದೊಡ್ಡವರಲ್ಲೂ ಇದೆ. ಉತ್ತರ ಪೂರ್ಣಾಂಕವೇ ಎಂದು ಗೊತ್ತಿರುವ ಲೆಕ್ಕಗಳಲ್ಲಿ ಈ ನಂಬಿಕೆ ಬಹುಮಟ್ಟಿಗೆ ತಲೆಕೆಳಗು.

69343957 ಯಾವ ಸಂಖ್ಯೆಯ ಐದನೇ ಘಾತ? ಯಾವ ಪೂರ್ಣಾಂಕವನ್ನು ಐದನೇ ಘಾತಕ್ಕೆ ಏರಿಸಿದರೂ ಬಿಡಿ ಸ್ಥಾನದ ಅಂಕಿ ಬದಲಾಗುವುದಿಲ್ಲ. ಇಲ್ಲಿ ಕೊನೆಗೆ 7 ಇದೆ, ಹಾಗಾಗಿ ಉತ್ತರದ ಕೊನೆಗೂ 7. ಬಲಗಡೆಯ ಐದು ಅಂಕಿ ಬಿಟ್ಟರೆ ಉಳಿಯುವುದು 693. ಅದು 3ರ ಐದನೇ ಘಾತವಾದ 243ಕ್ಕಿಂತ ದೊಡ್ಡದು, 4ರ ಐದನೇ ಘಾತವಾದ 1024ಕ್ಕಿಂತ ಚಿಕ್ಕದು. ಹತ್ತರ ಸ್ಥಾನಕ್ಕೆ 3 ಬಂತು, ಉತ್ತರ 37. ವರ್ಗಮೂಲದಲ್ಲಿ ಈ ಅನುಕೂಲ ಇಲ್ಲ. ಸಂಖ್ಯೆಯ ಕೊನೆಗೆ 9 ಕಂಡರೆ ಮೂಲದ ಕೊನೆಗೆ 3 ಇರಬಹುದು, 7 ಕೂಡ ಇರಬಹುದು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546372891, ಬರೀ ಒಂಬತ್ತು ಅಂಕಿ. ಅದೇ ಸಂಖ್ಯೆಯ ವರ್ಗಮೂಲ ಕೇಳಿದ್ದರೆ ಪೂರ್ಣಾಂಕ ಭಾಗಕ್ಕೇ 101 ಅಂಕಿ ಹೇಳಬೇಕಿತ್ತು! 201 ಅಂಕಿ ಇವೆ ಎಂಬುದೊಂದರಿಂದಲೇ ಉತ್ತರ ಸುಮಾರು 49.6 ಕೋಟಿ ಮತ್ತು 54.8 ಕೋಟಿಯ ನಡುವೆ ಇದೆ ಎಂದು ಗೊತ್ತಾಗುತ್ತದೆ. ನಡುವಿನ ಅಂಕಿಗಳನ್ನು ಮನಸ್ಸಿನಲ್ಲೇ ಹಿಡಿದದ್ದು ಆಕೆಯ ಪ್ರತಿಭೆ, ಅದಕ್ಕೆ ಬೆರಗಾಗಲೇಬೇಕು. ಆದರೆ '23' ಎಂಬ ಸಂಖ್ಯೆಗೇ ಬೆಚ್ಚಬೇಕಾಗಿಲ್ಲ.

ನಿಜವಾದ ತೊಂದರೆ ಇರುವುದು ವರ್ಗಮೂಲದ ಅಭ್ಯಾಸವನ್ನು ಹಾಗೇ ಮುಂದಕ್ಕೆ ಒಯ್ಯುವುದರಲ್ಲಿ. ∛12ರಂಥ ಕರಣಿಯನ್ನು ಸರಳಗೊಳಿಸುವಾಗ ಜೋಡಿ ಕಂಡ ತಕ್ಷಣ ಹೊರಗೆ ತೆಗೆಯುತ್ತಾರೆ. 12 ಎಂದರೆ 2×2×3 ತಾನೇ, ಹಾಗಾದರೆ ∛12 = 2∛3 ಎಂದು ಬರೆದುಬಿಡುತ್ತಾರೆ. ಆ 2ನ್ನು ಮತ್ತೆ ಒಳಗೆ ಕಳಿಸಿ ನೋಡಿ: 2×2×2×3, ಅಂದರೆ ∛24. ಸಂಖ್ಯೆಯೇ ಬದಲಾಗಿಹೋಯಿತು. ಘನಮೂಲದಿಂದ ಒಂದು ಅಪವರ್ತನ ಹೊರಬರಲು ಅದು ಒಳಗೆ ಮೂರು ಸಲ ಇರಬೇಕು, ನಾಲ್ಕನೇ ಮೂಲದಿಂದಾದರೆ ನಾಲ್ಕು ಸಲ. 54 = 3×3×3×2, ಹಾಗಾಗಿ ∛54 = 3∛2. ∛12ರಿಂದ ಏನೂ ಹೊರಬರುವುದಿಲ್ಲ, ಅದು ಆಗಲೇ ಸರಳ ರೂಪದಲ್ಲಿದೆ.

ಮೊತ್ತದ ಮೂಲವೆಂದರೆ ಮೂಲಗಳ ಮೊತ್ತ ಎಂಬುದೂ ತಪ್ಪು. 8 ಮತ್ತು 27ರ ಘನಮೂಲಗಳು 2 ಮತ್ತು 3, ಕೂಡಿದರೆ 5. ಆದರೆ 35ರ ಘನಮೂಲ ಸುಮಾರು 3.27. ಗುಣಾಕಾರದಲ್ಲಿ ಹೀಗೆ ಬಿಡಿಸಬಹುದು, ಸಂಕಲನದಲ್ಲಿ ಆಗದು.

ಋಣ ಸಂಖ್ಯೆಗೆ ಮೂಲವೇ ಇಲ್ಲ ಎನ್ನುವವರಿದ್ದಾರೆ. ಕ್ರಮ ಬೆಸವಾದರೆ ಇದೆ: −8ರ ಘನಮೂಲ −2. ಕ್ರಮ ಸಮವಾದಾಗ ಮಾತ್ರ ವಾಸ್ತವ ಸಂಖ್ಯೆಗಳಲ್ಲಿ ಉತ್ತರ ಸಿಗುವುದಿಲ್ಲ.

ಇದಕ್ಕೆಲ್ಲ ದುಬಾರಿ ಕ್ಯಾಲ್ಕುಲೇಟರ್ ಬೇಕು ಎಂಬ ಮಾತೂ ಪೂರ್ತಿ ನಿಜವಲ್ಲ. ಅಂಗಡಿಯ ಸಾದಾ ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲದ ಗುಂಡಿ ಎರಡು ಸಲ ಒತ್ತಿದರೆ ನಾಲ್ಕನೇ ಮೂಲ, ಮೂರು ಸಲ ಒತ್ತಿದರೆ ಎಂಟನೇ ಮೂಲ.

ಇನ್ನು, ಈ ಮೂಲಗಳೆಲ್ಲ ಪರೀಕ್ಷೆಗೆ ಮಾತ್ರ ಎಂಬ ನಂಬಿಕೆ. ಇದು ಜೇಬಿಗೇ ಪೆಟ್ಟು ಕೊಡುವಂಥದ್ದು. ಹಾಕಿದ ಹಣ ಐದು ವರ್ಷದಲ್ಲಿ ದುಪ್ಪಟ್ಟಾಗುತ್ತದೆ ಎಂದರೆ ನೂರನ್ನು ಐದರಿಂದ ಭಾಗಿಸಿ 'ವರ್ಷಕ್ಕೆ ಶೇ. 20' ಎನ್ನುತ್ತೇವೆ. ಹಣ ಚಕ್ರಬಡ್ಡಿಯಲ್ಲಿ ಬೆಳೆಯುವಾಗ ನೋಡಬೇಕಾದ್ದು 2ರ ಐದನೇ ಮೂಲ, ಸುಮಾರು 1.1487. ಅಂದರೆ ವಾರ್ಷಿಕ ದರ ಶೇ. 14.87 ಮಾತ್ರ. ಹಣ ಹಾಕುವ ಮುನ್ನ ಈ ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಿ.